ದೂರದರ್ಶನವೂ ನಮ್ಮ ಜಿಲ್ಲೆಗಳೂ

ಕನ್ನಡನಾಡಿನಲ್ಲಿ ದೂರದರ್ಶನವು ಮೊಟ್ಟಮೊದಲು ಮುಖ ತೋರಿಸಿದ್ದು ರಾಜಧಾನಿಯಲ್ಲಲ್ಲ, ಹಳ್ಳಿಗಳಲ್ಲಿ. ಬೆಂಗಳೂರಿನ ಕೇಂದ್ರವು 1981ನೆಯ ಇಸವಿ ನವೆಂಬರ್ 1ನೆಯ ತಾರೀಖು, ರಾಜ್ಯೋತ್ಸವದ ದಿನ, ಆರಂಭವಾದುದನ್ನು ಬಲ್ಲ ವಾಚಕರು ಅನೇಕರಿರಬಹುದು. ಆದರೆ ಅದಕ್ಕೆ ಆರು ವರ್ಷಗಳಿಗೂ ಹಿಂದೆ, 1975ನೆಯ ಆಗಸ್ಟ್ 1ರಂದೇ, ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಆಯ್ದ ಹಳ್ಳಿಗಳಲ್ಲಿ ಜನರು ಗುಂಪುಗೂಡಿ ಕುಳಿತು ಪೆಟ್ಟಿಗೆಯೊಳಗಿನ ಚಿತ್ರವು ಕನ್ನಡದಲ್ಲಿ ಮಾತಾಡುವುದನ್ನು ಕಂಡರು, ಕೇಳಿದರು.

ಈ ಹಳೆಯ ಸಂಗತಿಯನ್ನು ತಿರುಗಿ ಎತ್ತುವುದಕ್ಕೆ ಕಾರಣವುಂಟು. 2021ನೆಯ ಅಕ್ಟೋಬರ್ ತಿಂಗಳಲ್ಲಿ ಪ್ರಸಾರ ಭಾರತಿಯು ಒಂದು ಪ್ರಕಟನೆಯನ್ನು ಹೊರಡಿಸಿತು. ಗೋಪುರದಿಂದ ನೇರವಾಗಿ ಮನೆಯ ಆಂಟೆನಾಕ್ಕೆ ಚಿತ್ರ ಕಳುಹುತ್ತಿದ್ದ ಹಳೆಯ ಮಾದರಿಯ ಪ್ರಸಾರಯಂತ್ರಗಳನ್ನು, ಆಯಕಟ್ಟಿನ ಸುಮಾರು 50 ಸ್ಥಳಗಳನ್ನುಳಿದು, 2022ನೆಯ ಮಾರ್ಚ್ 31ರೊಳಗೆ ನಿಲ್ಲಿಸಿಬಿಡುವುದೆಂದು ಅದರಲ್ಲಿ ಸಾರಲಾಗಿತ್ತು. ಕೇಂದ್ರಗಳೇ ಮುಚ್ಚಿಹೋಗುವುವೆಂಬ ಸುದ್ದಿ ಹಬ್ಬಿದುದರಿಂದ ಹೆಸರು ಹೇಳಿ ಸಮಾಧಾನಪಡಿಸಿದ ಊರುಗಳಲ್ಲಿ ನಮ್ಮ ಕಲಬುರಗಿಯೂ ಒಂದು. ಕಲಬುರಗಿಯ ಕೇಂದ್ರವು ಕಾರ್ಯಕ್ರಮಗಳನ್ನು ತಯಾರಿಸುತ್ತಲೇ ಇರುವುದು, ಅವು ರಾಜ್ಯದ ಉಪಗ್ರಹ ವಾಹಿನಿಯ ಮೂಲಕವೂ ಯೂಟ್ಯೂಬಿನ ಮೂಲಕವೂ ಪ್ರಸಾರವಾಗುವುವು ಎಂದು ಹೇಳಲಾಯಿತು. ಸಮಾಧಾನವೇನೋ ದೊರೆಯಿತು. ಆದರೆ ಕನ್ನಡನಾಡಿನ ಮೊದಲನೆಯ ದೂರದರ್ಶನ ಕೇಂದ್ರಕ್ಕೆ ತನ್ನ ಸುತ್ತಣ ಸೀಮೆಯೊಡನೆ ಮಾತ್ರ ಮಾತಾಡುವ ಸ್ವಂತ ಬಾಯಿ ಇಲ್ಲದಾಗುವುದೆಂಬುದೇ ಆ ಪ್ರಕಟನೆಯ ನಿಜವಾದ ಅರ್ಥವೆಂಬುದನ್ನು ನಮ್ಮಲ್ಲಿ ಹೆಚ್ಚು ಮಂದಿ ಗಮನಿಸಲಿಲ್ಲ.

ಈ ಬಾಯಿ ಹುಟ್ಟಿದ ಬಗೆ ಸ್ವಾರಸ್ಯವಾದುದು. ಅಮೆರಿಕಾದ ಬಾಹ್ಯಾಕಾಶ ಸಂಸ್ಥೆಯು ಎ.ಟಿ.ಎಸ್.-6 ಎಂಬ ತನ್ನ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಭಾರತಕ್ಕೆ ಎರವಲು ಕೊಟ್ಟಿತು. ನಮ್ಮ ವಿಜ್ಞಾನಿಗಳು ಅದನ್ನು ಉಪಯೋಗಿಸಿಕೊಂಡು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಚಿತ್ರ ಕಳುಹಿಸುವ ಪ್ರಯೋಗವನ್ನು ಕೈಗೊಂಡರು. ‘ಸೈಟ್’ ಎಂಬುದು ಅದರ ಗಿಡ್ಡ ಹೆಸರು. ಹತ್ತು ಅಡಿ ಅಗಲದ ತಂತಿಬಲೆಯ ಕೊಡೆಯೊಂದನ್ನು ಆಕಾಶಕ್ಕೆ ಮುಖ ಮಾಡಿ ನಿಲ್ಲಿಸಿದರು. ಆ ಬಲೆ ಕೋಳಿಗೂಡಿಗೆ ಹಾಕುವ ಜಾತಿಯದೇ. ಹೈದರಾಬಾದಿನ ಸರಕಾರಿ ಕಾರ್ಖಾನೆಯಲ್ಲಿ ತಯಾರಾದ ಪೆಟ್ಟಿಗೆಗಳನ್ನು ಶಾಲೆಯಂಥ ಸಾರ್ವಜನಿಕ ಸ್ಥಳದಲ್ಲಿ ಇಟ್ಟರು. ವಿದ್ಯುತ್ತಿಲ್ಲದ ಕೆಲವು ಊರುಗಳಿಗೆ ಬ್ಯಾಟರಿಯ ಪೆಟ್ಟಿಗೆಗಳೂ ಹೋದವು. ಬೆಳಗ್ಗೆ ಮಕ್ಕಳಿಗೆ ಪಾಠ. ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆ. ದಿನಕ್ಕೆ ಸುಮಾರು ನಾಲ್ಕು ಗಂಟೆಗಳ ಪ್ರಸಾರವು ಭಾಷೆಭಾಷೆಗಳಿಗೆ ಹಂಚಿಹೋಗುತ್ತಿತ್ತು. ನಡುವೆ ದಿಲ್ಲಿಯಿಂದ ಹಿಂದಿಯ ಸಾಮಾನ್ಯ ಕಾರ್ಯಕ್ರಮವೊಂದನ್ನು ಎಲ್ಲರೂ ನೋಡಬೇಕಾಗಿತ್ತು.

ಅದು ತುರ್ತುಪರಿಸ್ಥಿತಿಯ ಕಾಲವೆಂಬುದನ್ನೂ ಮರೆಯಲಾಗದು. ದೇಶದ ಪತ್ರಿಕೆಗಳ ಬಾಯಿಗೆ ಬೀಗ ಬಿದ್ದು ಐದಾರು ವಾರಗಳಾಗಿದ್ದಾಗ ಸರಕಾರದ ದನಿಯು ಆಕಾಶಮಾರ್ಗವಾಗಿ ಹಳ್ಳಿಯ ಶಾಲೆಗೆ ಬಂದಿಳಿಯಿತು. ಪ್ರಯೋಗವನ್ನು ವರ್ಷಗಟ್ಟಲೆ ಮೊದಲೇ ಯೋಚಿಸಿದ್ದವರಿಗೂ ಆ ದುಷ್ಕಾಲಕ್ಕೂ ಸಂಬಂಧವಿರಲಿಲ್ಲವೆಂಬುದು ನಿಜ. ಆದರೂ ಮಾತಾಡತಕ್ಕವರು ಒಂದು ಕಡೆ, ಕೇಳತಕ್ಕವರು ಇನ್ನೊಂದು ಕಡೆ ಎಂಬ ವ್ಯವಸ್ಥೆಯು ಆ ಹೊತ್ತಿಗೆ ಚೆನ್ನಾಗಿಯೇ ಹೊಂದಿಕೊಂಡಿತು.

ಕನ್ನಡಿಗನ ಮನಸ್ಸನ್ನು ಚುಚ್ಚುವ ಸಂಗತಿ ಮತ್ತೊಂದಿದೆ. ಗುಲ್ಬರ್ಗಾ, ರಾಯಚೂರುಗಳು ಹೈದರಾಬಾದ್ ಸಂಸ್ಥಾನದ ಹಿಡಿತದಿಂದ ಬಿಡಿಸಿಕೊಂಡು, 1956ರಲ್ಲಿ ಕನ್ನಡನಾಡಿನೊಡನೆ ಒಂದಾಗಿ ಹತ್ತೊಂಬತ್ತು ವರ್ಷಗಳಾಗುತ್ತ ಬಂದಿದ್ದವು. ಆದರೆ ಅಲ್ಲಿಯ ಹಳ್ಳಿಗರಿಗಾಗಿ ಕನ್ನಡ ಕಾರ್ಯಕ್ರಮಗಳನ್ನು ತಯಾರಿಸಿದ ಮೂಲಕೇಂದ್ರವಿದ್ದುದು ಹೈದರಾಬಾದಿನಲ್ಲಿಯೇ! ದಿಲ್ಲಿ, ಕಟಕ್, ಹೈದರಾಬಾದ್ ಎಂಬ ಮೂರೇ ಊರುಗಳಲ್ಲಿ ಅಂಥ ಕೇಂದ್ರಗಳಿದ್ದವು. ತೆಲುಗು, ಕನ್ನಡಗಳೆರಡನ್ನೂ ಹೈದರಾಬಾದಿಗೆ ಒಪ್ಪಿಸಲಾಗಿತ್ತು. ಒಂದೇ ಚಿತ್ರಕ್ಕೆ ಎರಡು ದನಿಗಳನ್ನು ಸೇರಿಸಿ ಕಳುಹಿಸುವ ಸೌಕರ್ಯವೂ ಆ ಉಪಗ್ರಹದಲ್ಲಿತ್ತು. ಭಾಷೆ ಬೇರೆಯಾದರೆ ಸಾಕು, ಊರು ಬೇರೆಯಾಗಬೇಕಾಗಿಲ್ಲವೆಂಬ ಭಾವನೆಯು ಹೀಗೆ ಯಂತ್ರದ ರಚನೆಯಲ್ಲಿಯೇ ಸೇರಿಕೊಂಡಿತ್ತು. ಮುಂದಿನ ಐವತ್ತು ವರ್ಷಗಳ ಕಥೆಯೆಲ್ಲ ಈ ಭಾವನೆಯ ವಿಸ್ತಾರವೆಂದರೆ ಅತಿಶಯವಾಗದು.

1976ನೆಯ ಜುಲೈ 31ರಂದು ಪ್ರಯೋಗವು ಮುಗಿಯಿತು. ಎರವಲು ತಂದ ಉಪಗ್ರಹವು ಹಿಂದಿರುಗಿತು. ರುಚಿ ತೋರಿಸಿ ತಟ್ಟೆಯನ್ನು ಕಸಿದುಕೊಂಡಂತಾಗಬಾರದೆಂದು, ಪ್ರಯೋಗ ನಡೆದ ಸೀಮೆಗಳಲ್ಲಿ ನೆಲದ ಮೇಲಿನ ಪ್ರಸಾರಯಂತ್ರಗಳನ್ನು ಸ್ಥಾಪಿಸಲು ಸರಕಾರವು ಮುಂದಾಯಿತು. 1977ರಲ್ಲಿ ಗುಲ್ಬರ್ಗಾದಲ್ಲಿ ಗೋಪುರವೆದ್ದುದು ಹೀಗೆ. ಬೆಂಗಳೂರಿಗೆ ಆಗ ದೂರದರ್ಶನವಿರಲಿಲ್ಲ, ಮೈಸೂರಿಗಿರಲಿಲ್ಲ, ಹುಬ್ಬಳ್ಳಿಗಿರಲಿಲ್ಲ. ಹಿಂದುಳಿದುದೆಂದು ಎಲ್ಲರೂ ಕರೆಯುತ್ತಿದ್ದ ಸೀಮೆಯ ಒಂದು ಪಟ್ಟಣಕ್ಕೆ ರಾಜಧಾನಿಗಿಂತ ನಾಲ್ಕು ವರ್ಷ ಮುಂಚೆ ಇಂಥ ಸಾಧನವು ದೊರೆತುದು ನಮ್ಮ ರಾಜ್ಯದ ಇತಿಹಾಸದಲ್ಲಿ ಅಪರೂಪವಾದ ಪ್ರಸಂಗವೇ ಸರಿ.

ಇದೇ ಕಾಲದಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ಪಿಜ್ ಎಂಬ ಹಳ್ಳಿಯಲ್ಲಿ ಇನ್ನೊಂದು ಸಣ್ಣ ಪ್ರಸಾರಯಂತ್ರವಿತ್ತು. ಅಲ್ಲಿ ಕಾರ್ಯಕ್ರಮ ಮಾಡುವವರು ಹಳ್ಳಿಗರನ್ನೇ ಕಥೆ ಬರೆಯಲಿಕ್ಕೂ ಪಾತ್ರ ವಹಿಸಲಿಕ್ಕೂ ಕರೆದರು. ಜೀತ, ಕೂಲಿ, ಜಾತಿಯ ಕಟ್ಟುಪಾಡು ಮೊದಲಾದ ವಿಷಯಗಳನ್ನು ಮುಚ್ಚುಮರೆಯಿಲ್ಲದೆ ಚರ್ಚಿಸಿದರು. 1984ರಲ್ಲಿ ಯುನೆಸ್ಕೋ ಸಂಸ್ಥೆಯು ಈ ಕೆಲಸಕ್ಕೆ ಬಹುಮಾನವನ್ನಿತ್ತಿತು. ಮರುವರ್ಷವೇ, ಜನರ ಪ್ರತಿಭಟನೆಯನ್ನು ಲೆಕ್ಕಿಸದೆ, ಪಿಜ್‌ನ ಯಂತ್ರವನ್ನು ನಿಲ್ಲಿಸಿದರು. ಬಹುಮಾನಕ್ಕೂ ಮುಚ್ಚುವಿಕೆಗೂ ನಡುವೆ ಇದ್ದುದು ಒಂದು ವರ್ಷ!

ಆಗಲೇ ದೇಶದ ಗಾಳಿ ಬೇರೆ ದಿಕ್ಕಿಗೆ ತಿರುಗಿತ್ತು. 1982ರಲ್ಲಿ ದಿಲ್ಲಿಯ ಏಷ್ಯಾ ಕ್ರೀಡೆಗಳ ವರ್ಷ ಬಣ್ಣದ ಚಿತ್ರವೂ ರಾಷ್ಟ್ರೀಯ ಕಾರ್ಯಕ್ರಮವೂ ಬಂದವು. 1983ರಲ್ಲಿ ಇನ್ಸಾಟ್-1ಬಿ ಉಪಗ್ರಹವು ಮೇಲೇರಿತು. 1984ರಲ್ಲಿ ದಿನಕ್ಕೊಂದು ಪ್ರಸಾರಯಂತ್ರವೆಂಬ ವೇಗದಲ್ಲಿ ಪಟ್ಟಣಪಟ್ಟಣಗಳಲ್ಲಿ ಸಣ್ಣ ಗೋಪುರಗಳು ಎದ್ದವು. ಇವುಗಳಿಂದ ಊರಿಗೊಂದು ದನಿ ದೊರೆಯಿತೆಂದು ತಿಳಿದವರು ಮೋಸಹೋದರು. ಈ ಗೋಪುರಗಳಿಗೆ ಕಿವಿಯಿತ್ತು, ನಾಲಗೆಯಿರಲಿಲ್ಲ. ಉಪಗ್ರಹದಿಂದ ಬಂದ ದಿಲ್ಲಿಯ ಚಿತ್ರವನ್ನು ಹಿಡಿದು ಸುತ್ತಣ ಹತ್ತಿಪ್ಪತ್ತು ಮೈಲಿಗೆ ಬಿಡುವುದಷ್ಟೇ ಅವುಗಳ ಕೆಲಸ. ಬೆಂಗಳೂರಿನ ಕನ್ನಡ ಕಾರ್ಯಕ್ರಮವು ಅವುಗಳಿಗೆ ತಲುಪುವ ಏರ್ಪಾಡಾಗುವುದಕ್ಕೆ ಮತ್ತೆ ಕೆಲವು ವರ್ಷಗಳೇ ಹಿಡಿದವು. 1982ರಲ್ಲಿ ಗೋಕಾಕ್ ವರದಿಗಾಗಿ ಬೀದಿಗಿಳಿದು, ಶಾಲೆಗಳಲ್ಲಿ ಕನ್ನಡಕ್ಕೆ ಪ್ರಥಮ ಸ್ಥಾನವನ್ನು ಕೇಳಿದ ನಾಡು, ಎರಡು ವರ್ಷಗಳ ತರುವಾಯ ಹಿಂದಿಯ ಪೆಟ್ಟಿಗೆಯನ್ನು ಸಾಲ ಮಾಡಿ ಕೊಂಡು ನಡುಮನೆಯಲ್ಲಿ ಪ್ರತಿಷ್ಠಾಪಿಸಿತು. ಇದನ್ನು ಹಂಗಿಸುವ ಉದ್ದೇಶ ನಮಗಿಲ್ಲ. ನೋಡತಕ್ಕದ್ದು ಬೇರೇನೂ ಇರಲಿಲ್ಲ.

ಈ ಕ್ರಮವೇ ಲೋಕರೂಢಿಯೆಂದು ನಮ್ಮ ಅಧಿಕಾರಿವರ್ಗದವರು ಭಾವಿಸಿದಂತಿದೆ. ದೂರದರ್ಶನವನ್ನು ಬೇರೆ ಬಗೆಯಿಂದ ಬೆಳೆಸಿದ ದೇಶಗಳೂ ಉಂಟು. ಅಮೆರಿಕಾದ ಸರಕಾರವು 1948ರಿಂದ 1952ರ ವರೆಗೆ ಹೊಸ ಪರವಾನಗಿಗಳನ್ನು ತಡೆಹಿಡಿದು, 1952ನೆಯ ಏಪ್ರಿಲಿನಲ್ಲಿ ಒಂದು ದೊಡ್ಡ ಪಟ್ಟಿಯನ್ನು ಪ್ರಕಟಿಸಿತು. 1,291 ಊರುಗಳನ್ನು ಹೆಸರಿಸಿ, ಅವುಗಳಿಗೆ 2,053 ಪ್ರಸಾರಸ್ಥಾನಗಳನ್ನು ಹಂಚಿ, 242ನ್ನು ವಿದ್ಯಾಪ್ರಸಾರಕ್ಕೆಂದೇ ಮೀಸಲಿರಿಸಿತು. ಪರವಾನಗಿಯು ಇಡೀ ದೇಶಕ್ಕೆ ಸಿಗುವುದಿಲ್ಲ, ಇಂತಹ ಊರಿಗೆಂದು ಸಿಗುವುದು. ಆ ಊರಿನ ಹಿತಕ್ಕೆ ನಡೆಯುವೆನೆಂಬ ಒಪ್ಪಂದದ ಮೇಲೆ ಸಿಗುವುದು. ದೊಡ್ಡ ಕಂಪನಿಗಳ ನಾಟಕ ವಿನೋದಗಳು ನ್ಯೂಯಾರ್ಕಿನಿಂದ ಬಂದರೂ ಸಂಜೆಯ ಊರಸುದ್ದಿಯನ್ನು ಊರಿನ ಕೇಂದ್ರವೇ ಹೇಳಬೇಕಾಗಿತ್ತು.

ಆ ಒಪ್ಪಂದಕ್ಕೆ ಬೆಲೆಯುಂಟೆಂಬುದನ್ನು ಮಿಸಿಸಿಪ್ಪಿ ಪ್ರಾಂತದ ರಾಜಧಾನಿಯಾದ ಜಾಕ್‌ಸನ್ ನಗರವು ತೋರಿಸಿಕೊಟ್ಟಿತು. ಅಲ್ಲಿ 1953ರಲ್ಲಿ ಆರಂಭವಾದ ಡಬ್ಲ್ಯು.ಎಲ್.ಬಿ.ಟಿ. ಎಂಬ ಕೇಂದ್ರದ ಪ್ರಸಾರಸೀಮೆಯ ಜನರಲ್ಲಿ ನೂರಕ್ಕೆ ಸುಮಾರು ನಲವತ್ತೈದು ಮಂದಿ ಕಪ್ಪು ಜನಾಂಗದವರು. ಆದರೆ ಕೇಂದ್ರದ ಯಜಮಾನರು ವರ್ಣಭೇದದ ಪಕ್ಷಪಾತಿಗಳು. 1955ರಲ್ಲಿ, ಕಪ್ಪು ಜನರ ಪರವಾಗಿ ನ್ಯಾಯಾಲಯಗಳಲ್ಲಿ ವಾದಿಸುತ್ತಿದ್ದ ತರ್ಗುಡ್ ಮಾರ್ಷಲರು ನ್ಯೂಯಾರ್ಕಿನ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡಾಗ, ಜಾಕ್‌ಸನ್ನಿನ ತೆರೆಯ ಮೇಲೆ ಚಿತ್ರ ಹೋಗಿ, ತಂತಿ ಕೆಟ್ಟಿದೆ ಕ್ಷಮಿಸಿರೆಂಬ ಫಲಕ ಬಂತು! 1964ರಲ್ಲಿ ಆ ಊರಿನ ಕೆಲವು ನಾಗರಿಕರೂ ಒಂದು ಕ್ರೈಸ್ತ ಸಂಘವೂ ಸೇರಿ, ಈ ಕೇಂದ್ರದ ಪರವಾನಗಿಯನ್ನು ಮುಂದುವರಿಸಕೂಡದೆಂದು ಅರ್ಜಿ ಹಾಕಿದರು. ನೋಡುವವರಿಗೆ ಅರ್ಜಿ ಹಾಕುವ ಅಧಿಕಾರವೇ ಇಲ್ಲವೆಂದು ಸರಕಾರದ ಆಯೋಗವು ತಳ್ಳಿಹಾಕಿತು. 1966ರಲ್ಲಿ ಮೇಲಿನ ನ್ಯಾಯಾಲಯವು ನೋಡುವವರಿಗೆ ಅಧಿಕಾರವುಂಟೆಂದು ತೀರ್ಪಿತ್ತಿತು. 1969ರಲ್ಲಿ ಪರವಾನಗಿಯನ್ನೇ ರದ್ದುಪಡಿಸಿತು. 1971ರಲ್ಲಿ ಲಾಭದ ದೃಷ್ಟಿಯಿಲ್ಲದ ಸಂಸ್ಥೆಯೊಂದು ಆ ಕೇಂದ್ರವನ್ನು ವಹಿಸಿಕೊಂಡು, ಮರುವರ್ಷ ಕಪ್ಪು ಜನಾಂಗದ ಅಧಿಕಾರಿಯೊಬ್ಬರನ್ನು ಅದರ ಮುಖ್ಯಸ್ಥರನ್ನಾಗಿ ಮಾಡಿತು. ಅಮೆರಿಕಾದ ದೂರದರ್ಶನವು ಸರ್ವಗುಣಸಂಪನ್ನವೆಂದು ನಾವು ಹೇಳುತ್ತಿಲ್ಲ. ಅಲ್ಲಿಯೂ ದೊಡ್ಡ ಮೀನು ಸಣ್ಣ ಮೀನನ್ನು ನುಂಗುತ್ತಲೇ ಬಂದಿದೆ. ಆದರೆ ಊರಿನ ಹೆಸರಿನಲ್ಲಿ ಪರವಾನಗಿಯಿದ್ದುದರಿಂದ ತಾನೇ ಊರಿನವರು ಲೆಕ್ಕ ಕೇಳಲು ಸಾಧ್ಯವಾದದ್ದು? ನಮ್ಮಲ್ಲಿ ಹಾಗೆ ಲೆಕ್ಕ ಕೇಳಬೇಕೆಂದರೆ ಯಾರ ಬಾಗಿಲಿಗೆ ಹೋಗತಕ್ಕದ್ದು?

ಇಡೀ ರಾಜ್ಯಕ್ಕೆ ಒಂದೇ ಬಾಯಿಯಿದ್ದರೆ ಏನಾಗುವುದೆಂಬುದಕ್ಕೆ ದುಃಖಕರವಾದ ನಿದರ್ಶನವೊಂದು ನಮ್ಮಲ್ಲಿಯೇ ಇದೆ. 1994ನೆಯ ಅಕ್ಟೋಬರಿನಲ್ಲಿ ಬೆಂಗಳೂರು ದೂರದರ್ಶನವು ಹತ್ತು ನಿಮಿಷಗಳ ಉರ್ದು ವಾರ್ತೆಯನ್ನು ಆರಂಭಿಸಿದಾಗ ರಾಜಧಾನಿಯಲ್ಲಿ ಗಲಭೆಗಳೆದ್ದು ಪ್ರಾಣಗಳು ಹೋದವು, ವಾರ್ತೆಯೂ ನಿಂತಿತು. ಗಲಭೆಗೆ ರಾಜಕೀಯದ ಕಾರಣಗಳು ಬೇಕಾದಷ್ಟಿದ್ದವು. ಆದರೂ ಸಂಜೆಯ ಒಂದೇ ಗಂಟೆಯನ್ನು ನಾಡಿನ ಎಲ್ಲ ಸೀಮೆಯವರೂ ಎಲ್ಲ ಭಾಷೆಯವರೂ ಹಂಚಿಕೊಳ್ಳಬೇಕಾಗಿದ್ದಾಗ, ಹತ್ತು ನಿಮಿಷವೆಂಬುದು ಹತ್ತು ನಿಮಿಷವಾಗಿ ಉಳಿಯುವುದಿಲ್ಲ, ಪ್ರತಿಷ್ಠೆಯಾಗುವುದು.

ಸರಕಾರವು ಕೊಡದ ಊರದನಿಯನ್ನು ಕೊಟ್ಟವರು ಯಾರೆಂದರೆ ಕೇಬಲ್ ಕಟ್ಟಿದ ಸಣ್ಣ ಉದ್ಯೋಗಿಗಳು. 1991ರ ಕೊಲ್ಲಿ ಯುದ್ಧದ ತರುವಾಯ ಮನೆಯಿಂದ ಮನೆಗೆ, ಕಂಬದಿಂದ ಮರಕ್ಕೆ ತಂತಿ ಎಳೆದು ವಿದೇಶದ ವಾಹಿನಿಗಳನ್ನು ತೋರಿಸುತ್ತಿದ್ದ ಇವರು, ಒಂದು ವಾಹಿನಿಯನ್ನು ತಮಗಾಗಿಯೇ ಇಟ್ಟುಕೊಂಡರು. ಮೊದಲು ವಿ.ಸಿ.ಆರ್.ನಲ್ಲಿ ಸಿನಿಮಾ, ಆಮೇಲೆ ಊರಿನ ತೇರು, ಗಣಪತಿಯ ಮೆರವಣಿಗೆ, ಪುರಸಭೆಯ ಚುನಾವಣೆ, ಕಾಲೇಜಿನ ವಾರ್ಷಿಕೋತ್ಸವ. ಸಂಜೆ ಅರ್ಧ ಗಂಟೆ ಊರಿನ ವಾರ್ತೆ. ಮಂಗಳೂರಿನ ‘ನಮ್ಮ ಕುಡ್ಲ’ವು ತುಳುವಿನಲ್ಲಿಯೇ ವಾರ್ತೆ ಹೇಳಿತು, ರಾಜ್ಯದ ಯಾವ ದೊಡ್ಡ ವಾಹಿನಿಯೂ ಅದುವರೆಗೆ ಮಾಡದಿದ್ದ ಕೆಲಸವದು. ಇವರಲ್ಲಿ ಎಲ್ಲರೂ ಸಾಧುಗಳೆಂದಲ್ಲ. ಮುಖಂಡರ ಮುಖಸ್ತುತಿಗೇ ಮೀಸಲಾದವರೂ, ಸುದ್ದಿ ಹಾಕುವುದಕ್ಕೂ ಹಾಕದಿರುವುದಕ್ಕೂ ಹಣ ಕೇಳಿದವರೂ ಇದ್ದರು. ಆದರೂ ಚರಂಡಿಯ ನೀರು ಬೀದಿಗೆ ಬಂದುದನ್ನು ಸಂಜೆ ಏಳಕ್ಕೆ ಊರಿಗೆಲ್ಲ ತೋರಿಸಿದ್ದರಿಂದ ಮರುದಿನ ಬೆಳಗ್ಗೆ ಪುರಸಭೆಯ ಆಳು ಸಲಿಕೆ ಹಿಡಿದು ಬಂದುದನ್ನು ಕಂಡ ನಾಗರಿಕರು ಈ ಪತ್ರಿಕೆಯ ವಾಚಕರಲ್ಲಿಯೇ ಇರಬೇಕು.

1995ನೆಯ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಆಕಾಶದ ತರಂಗಗಳು ಸಾರ್ವಜನಿಕರ ಸ್ವತ್ತೆಂದು ತೀರ್ಪಿತ್ತಿತು. ಅದೇ ವರ್ಷ ಕೇಬಲ್ ಕಾಯಿದೆಯೂ ಬಂದಿತು. ಸಾರ್ವಜನಿಕರ ಸ್ವತ್ತೆಂದಾದ ಮೇಲೆ ಸಾರ್ವಜನಿಕರಿಗೆ ಸಿಕ್ಕಿತೇ ಎಂದರೆ, ಇಲ್ಲ. 1994ರಲ್ಲಿ ಬಂದ ಉದಯ ಟಿ.ವಿ. ಮೊದಲ್ಗೊಂಡು ಖಾಸಗಿ ವಾಹಿನಿಗಳೆಲ್ಲ ರಾಜ್ಯಕ್ಕೇ ಒಂದಾಗಿ ಮಾತಾಡಿದವು. ಅವುಗಳಿಗೆ ಜಿಲ್ಲೆಯೆಂಬುದು ಕೊಲೆಯೋ ಅಪಘಾತವೋ ಆದಾಗ ಮಾತ್ರ ನೆನಪಾಗುವ ಸ್ಥಳ. ರೇಡಿಯೋದಲ್ಲಿಯೂ ಹೆಚ್ಚು ಉದಾರತೆ ಕಾಣಲಿಲ್ಲ. ಈ ಶತಮಾನದ ಆದಿಯಲ್ಲಿ ಕೋಲಾರ ಜಿಲ್ಲೆಯ ಬೂದಿಕೋಟೆಯ ಹಳ್ಳಿಗರು, ಗಾಳಿಯಲ್ಲಿ ದನಿ ಬಿಡುವ ಪರವಾನಗಿ ಇಲ್ಲದ್ದರಿಂದ, ‘ನಮ್ಮ ಧ್ವನಿ’ಯನ್ನು ಕೇಬಲ್ ತಂತಿಯ ಮೂಲಕ ಮನೆಗಳಿಗೆ ಮುಟ್ಟಿಸಿದರು. 2006ರ ಬಳಿಕ ಸಮುದಾಯ ರೇಡಿಯೋಗೆ ಬಾಗಿಲು ತೆರೆಯಿತಾದರೂ ಅದು ತನ್ನದೇ ಆದ ವಾರ್ತೆ ಹೇಳಬಾರದೆಂಬ ನಿಬಂಧನೆಯನ್ನು ಇಟ್ಟರು. ಹಾಡಬಹುದು, ಹರಟಬಹುದು, ಊರಿನಲ್ಲಿ ಏನಾಯಿತೆಂದು ಮಾತ್ರ ಹೇಳಕೂಡದು!

ಈ ಇತಿಹಾಸವು ಒಬ್ಬ ರೈತನ ಮನೆಗೆ ಏನನ್ನು ತಂದುಕೊಟ್ಟಿದೆಯೆಂದು ನೋಡುವುದಕ್ಕೆ ನಮ್ಮ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯನ್ನು ತೆಗೆದುಕೊಳ್ಳೋಣ. ಭದ್ರಾ ನಾಲೆಯ ಅಚ್ಚುಕಟ್ಟಿನ ಸೀಮೆ. ಭತ್ತ, ಅಡಕೆಗಳ ನಾಡು. ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವು ಕತ್ತಲಗೆರೆಯಲ್ಲಿಯೇ ಇದೆ. ವಿದ್ಯೆಯೂ ಊರಲ್ಲಿದೆ, ವಿದ್ಯೆ ಬೇಕಾದವರೂ ಸುತ್ತಲಿದ್ದಾರೆ. ಭದ್ರೆಯ ನೀರನ್ನು ಯಾವಾಗ ಬಿಡುವರು, ಎಷ್ಟು ದಿನ ಹರಿಸಿ ಎಷ್ಟು ದಿನ ನಿಲ್ಲಿಸುವರು, ನಾಲೆಯ ಕೊನೆಯವರಿಗೆ ಮುಟ್ಟುವುದೇ, ಬೇಸಗೆಯ ಭತ್ತಕ್ಕೆ ಸಸಿಮಡಿ ಮಾಡಬಹುದೇ ಎಂಬುದೇ ಆ ಸೀಮೆಯ ನಿಜವಾದ ವಾರ್ತೆ. ಅಡಕೆಗೆ ಕೊಳೆರೋಗ ಹತ್ತಿದ ಮಳೆಗಾಲದಲ್ಲಿ ಔಷಧವನ್ನು ಇಂದೇ ಹೊಡೆಯಬೇಕೆ, ಬಿಸಿಲು ಕಾಯಬೇಕೆ ಎಂಬುದು ಮತ್ತೊಂದು ವಾರ್ತೆ.

ಇವುಗಳನ್ನು ಹೇಳತಕ್ಕವರು ಯಾರು? 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿಯು ಈ ಕೆಲಸವನ್ನು ನಿಷ್ಠೆಯಿಂದ ಮಾಡುತ್ತ ಬಂದಿದೆ. ಭದ್ರಾವತಿ, ಚನ್ನಗಿರಿಗಳ ಮಾತಿನ ಧಾಟಿಯೂ ಅದಕ್ಕೆ ಗೊತ್ತು. ಈ ಸಂಪ್ರದಾಯವು ನಮ್ಮದೇ. 1935ರಲ್ಲಿ ಮೈಸೂರಿನ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಸಣ್ಣ ಯಂತ್ರವೊಂದನ್ನು ಹೂಡಿ ನಡೆಯಿಸಿದ ‘ಆಕಾಶವಾಣಿ’ಯು ಒಂದು ಊರಿನದಾಗಿತ್ತು, ಇಡೀ ದೇಶದ ರೇಡಿಯೋ ಮುಂದೆ ಆ ಹೆಸರನ್ನು ಧರಿಸಿತು. ಆದರೆ ದೂರದರ್ಶನದ ವಿಷಯದಲ್ಲಿ ಕತ್ತಲಗೆರೆಗೆ ಇಂಥ ನೆರೆಯವರು ಯಾರೂ ಇಲ್ಲ. 2004ರಲ್ಲಿ ಕೇಂದ್ರ ಸರಕಾರವು 180 ಪ್ರಸಾರಯಂತ್ರಗಳನ್ನು ಆರಿಸಿ, ಆಯಾ ಸೀಮೆಯ ಬೆಳೆಗಳಿಗೆ ಒಪ್ಪುವ ಕಾರ್ಯಕ್ರಮವನ್ನು ಅಲ್ಲಲ್ಲಿಯೇ ಪ್ರಸಾರ ಮಾಡುವ ಯೋಜನೆಯನ್ನು ಹೂಡಿತ್ತು. ಯೋಚನೆ ಸರಿಯಾದುದೇ. ಆದರೆ ಗೋಪುರಗಳೇ ಮೌನವಾದ ಮೇಲೆ ಅಲ್ಲಲ್ಲಿಯೇ ಎಂಬ ಮಾತಿಗೆ ಅರ್ಥವೆಲ್ಲಿಯದು? 2015ರಲ್ಲಿ ರೈತರಿಗಾಗಿ ಡಿ.ಡಿ. ಕಿಸಾನ್ ಎಂಬ ವಾಹಿನಿಯನ್ನು ತೆರೆದರು. ಅದು ದೇಶಕ್ಕೆಲ್ಲ ಒಂದು, ಬಹುಮಟ್ಟಿಗೆ ಹಿಂದಿಯಲ್ಲಿ. ಗಂಗಾಬಯಲಿನ ಗೋಧಿಯ ಮಾತನ್ನು ಕೇಳಿ ಭದ್ರೆಯ ಅಚ್ಚುಕಟ್ಟಿನವನು ಏನು ಮಾಡಬೇಕು?

ಕೇಬಲಿನ ಅರ್ಧ ಗಂಟೆಯೂ ಕಷ್ಟಕ್ಕೆ ಸಿಕ್ಕಿದೆ. 2011ರ ತಿದ್ದುಪಡಿಯ ಪ್ರಕಾರ ಕೇಬಲ್ ವ್ಯವಸ್ಥೆಯು ಹಂತಹಂತವಾಗಿ ಡಿಜಿಟಲ್ ಆಯಿತು. ಬೆಂಗಳೂರು, ಮೈಸೂರುಗಳು ಎರಡನೆಯ ಹಂತಕ್ಕೂ, ಹಳ್ಳಿಗಳ ಕೊನೆಯ ಹಂತವು 2017ನೆಯ ಮಾರ್ಚಿಗೂ ಬಂದವು. ಚಿತ್ರವು ನಿಚ್ಚಳವಾಯಿತು, ತೆರಿಗೆ ತಪ್ಪಿಸುವುದು ಕಡಮೆಯಾಯಿತು, ಅದನ್ನು ಒಪ್ಪೋಣ. ಆದರೆ ವಾಹಿನಿಗಳನ್ನು ಹೊಂದಿಸುವ ಯಂತ್ರಶಾಲೆಯು ಊರಿನವನ ಕೈಯಿಂದ ತಪ್ಪಿ, ದೂರದ ನಗರಗಳ ದೊಡ್ಡ ಕಂಪನಿಗಳ ಕೈಗೆ ಸೇರಿತು. ಊರಿನವನು ತನ್ನ ಊರಿನ ಸುದ್ದಿಯನ್ನು ತನ್ನ ಊರಿಗೇ ತೋರಿಸಬೇಕಾದರೂ ಕಂಪನಿಯ ಅಪ್ಪಣೆಯನ್ನು ಪಡೆಯಬೇಕು. ಮನೆಯ ಮೇಲೆ ಡಿಶ್ ಕೂರಿಸಿಕೊಂಡವರಿಗಂತೂ ಆ ಮಾತೇ ಇಲ್ಲ. ಆ ತಟ್ಟೆಗೆ ಕಾಣುವ ಆಕಾಶದಲ್ಲಿ ದಾವಣಗೆರೆಯೆಂಬ ಜಿಲ್ಲೆಯಿಲ್ಲ.

2022ನೆಯ ನವೆಂಬರ್ 30ರಂದು ಕೇಂದ್ರ ಸರಕಾರವು ಹೊರಡಿಸಿದ ನಿಯಮಾವಳಿಯಲ್ಲಿ ಸಣ್ಣ ಸಂದೊಂದು ಕಾಣುತ್ತದೆ. ಕೇಬಲ್ ಕಂಪನಿಗಳು ತಮ್ಮ ಒಟ್ಟು ವಾಹಿನಿಗಳಲ್ಲಿ ನೂರಕ್ಕೆ ಐದರಷ್ಟನ್ನು ಸ್ವಂತ ಕಾರ್ಯಕ್ರಮಗಳಿಗೆ ಇಟ್ಟುಕೊಳ್ಳಬಹುದು. ಅದಲ್ಲದೆ ಪ್ರತಿಯೊಂದು ಜಿಲ್ಲೆಗೂ ಅಲ್ಲಿಯ ಅಗತ್ಯಕ್ಕಾಗಿ 2 ವಾಹಿನಿಗಳನ್ನು ನಡೆಯಿಸಬಹುದು. ವಾಹಿನಿಗೆ 1,000 ರೂಪಾಯಿ ನೋಂದಣಿ ಶುಲ್ಕ. ಊರಿನ ವಾರ್ತೆಯನ್ನು ಹೇಳತಕ್ಕವರು ಮಾತ್ರ ಕಂಪನಿಯಾಗಿ ನೋಂದಾಯಿತರಾಗಿರಬೇಕು. ಜಿಲ್ಲೆಯೆಂಬ ಶಬ್ದವು ದೂರದರ್ಶನದ ನಿಯಮಗಳಲ್ಲಿ ಹೀಗೆ ಕಾಲಿರಿಸಿದುದು ಸಂತೋಷದ ಸಂಗತಿ. ಆದರೆ ಇರಿಸಬಹುದು ಎಂದಿದೆಯೇ ಹೊರತು ಇರಿಸತಕ್ಕದ್ದು ಎಂದಿಲ್ಲ. ದೂರದ ಕಂಪನಿಗೆ ಚನ್ನಗಿರಿಯ ವಾರ್ತೆಯಿಂದ ಬರುವ ಲಾಭವೆಷ್ಟು?

ಮೊಬೈಲು ಇದೆಯಲ್ಲ, ಯೂಟ್ಯೂಬಿನಲ್ಲಿ ಊರಿಗೆ ಹತ್ತು ವಾಹಿನಿಗಳಿವೆಯಲ್ಲ ಎಂದು ಕೆಲವರು ಕೇಳಬಹುದು. ಇವೆ, ಅವುಗಳಲ್ಲಿ ಒಳ್ಳೆಯವೂ ಇವೆ. ಆದರೆ ಸುಳ್ಳು ಹೇಳಿದವನ ಬಾಗಿಲು ಯಾವುದೆಂದೇ ಗೊತ್ತಾಗದಂಥವೂ ಅವುಗಳಲ್ಲಿಯೇ ಇವೆ. ಜಾಕ್‌ಸನ್ನಿನ ಜನರು ಪರವಾನಗಿಯ ಕಾಗದವನ್ನು ಹಿಡಿದುಕೊಂಡು ನ್ಯಾಯಾಲಯಕ್ಕೆ ಹೋದರು. ಇಲ್ಲಿ ಹಿಡಿಯಲು ಕಾಗದವೇ ಇಲ್ಲ.

ಪ್ರಸಾರ ಭಾರತಿಯು ಸರಕಾರದ ಇಲಾಖೆಯಲ್ಲ, 1990ರ ಕಾಯಿದೆಯಿಂದ ಹುಟ್ಟಿ 1997ರಲ್ಲಿ ಅಸ್ತಿತ್ವಕ್ಕೆ ಬಂದ ಸ್ವಾಯತ್ತ ಸಂಸ್ಥೆ. 1978ರಲ್ಲಿಯೇ ವರ್ಗೀಸ್ ಸಮಿತಿಯು ಪ್ರಸಾರದ ಅಧಿಕಾರವನ್ನು ಕೆಳಗಿಳಿಸಿ ಹಂಚಬೇಕೆಂದು ಹೇಳಿತ್ತು. ಅದರ ಕನ್ನಡ ವಾಹಿನಿಯಾದ ಚಂದನಕ್ಕೆ ದಿನಕ್ಕೆ ಇಪ್ಪತ್ತನಾಲ್ಕು ಗಂಟೆಗಳಿವೆ. ರಾಜ್ಯಕ್ಕೆ ಮೂವತ್ತೊಂದು ಜಿಲ್ಲೆಗಳಿವೆ. ದಿನಕ್ಕೆ ಒಂದು ಗಂಟೆಯನ್ನು ಎರಡು ಜಿಲ್ಲೆಗಳಿಗೆ ಸಮನಾಗಿ ಹಂಚಿದರೂ ಹದಿನಾರು ದಿನಗಳಿಗೊಮ್ಮೆ ಪ್ರತಿ ಜಿಲ್ಲೆಗೂ ಅರ್ಧ ಗಂಟೆ ಬರುವುದು. ಕತ್ತಲಗೆರೆಯ ಸಂಶೋಧನಾ ಕೇಂದ್ರದ ವಿಜ್ಞಾನಿಗಳೂ, ಭದ್ರಾ ನೀರಾವರಿಯ ಇಂಜಿನಿಯರರೂ, ನಾಲೆಯ ಕೊನೆಯ ರೈತನೂ ಒಂದೇ ತೆರೆಯ ಮೇಲೆ ಎದುರುಬದುರಾಗಿ ಕುಳಿತು ನೀರಿನ ಲೆಕ್ಕವನ್ನು ಮಾತಾಡಲು ಅಷ್ಟು ಸಾಕು. ಈ ಗಂಟೆಯನ್ನು ಕೇಳತಕ್ಕವರು ಜಿಲ್ಲಾ ಪಂಚಾಯತಿಯವರೂ ನಮ್ಮ ಲೋಕಸಭಾ ಸದಸ್ಯರೂ. ಬೇಸಗೆ ಭತ್ತಕ್ಕೆ ನೀರು ಬಿಡುವ ದಿನವನ್ನು ಗೊತ್ತುಮಾಡಲು ನೀರಾವರಿ ಸಲಹಾ ಸಮಿತಿಯು ಮುಂದಿನ ಸಲ ಸೇರುವುದಕ್ಕೆ ಮೊದಲೇ ಇದನ್ನು ಕೇಳಿದರೆ ಒಳ್ಳೆಯದು.